ಕಂಪಾಸ್ ಬಾಕ್ಸಿನಲ್ಲಿ ಸಿಕ್ಕಿದ್ದು: ಮಕ್ಕಳು ಮತ್ತು ಅಮಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ನಾನು ಆಪ್ತಸಮಾಲೋಚಕಿ. ಮಕ್ಕಳ ಬಾಯಲ್ಲಿ 'ಕೌನ್ಸೆಲರ್ ಮಿಸ್'. ಪೋಷಕರ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬರೋ ಇಬ್ಬರೋ ಕಾರಿಡಾರಿನಲ್ಲಿ ಸುಮ್ಮನೆ ನೋಟಿಸ್ ಬೋರ್ಡ್ ಓದುತ್ತಾ ನಿಂತಿರುತ್ತಾರೆ. ಅವರ ಮಾತು ಶುರುವಾಗುವುದು ಒಂದೇ ಥರ: 'ನಮ್ಮ ಮಗನ ವಿಷಯ ಅಲ್ಲ ಮೇಡಂ, ನಮ್ಮ ನೆಂಟರ ಪೈಕಿ ಒಬ್ಬ ಹುಡುಗ ಇದಾನೆ...' ಆ ನೆಂಟರ ಹುಡುಗನ ಬಗ್ಗೆ ಇಷ್ಟು ವರ್ಷ ಕೇಳಿಸಿಕೊಂಡ ಪ್ರಶ್ನೆಗಳಿವು.

ನಿಜಕ್ಕೂ ಅಷ್ಟೊಂದು ಇದೆಯಾ, ಇಲ್ಲ ಟಿವಿಯವರು ದೊಡ್ಡದು ಮಾಡ್ತಾರಾ?

ಎರಡೂ ಹೌದು. ದೆಹಲಿಯ ಏಮ್ಸ್ ವೈದ್ಯರ ಮುಂದಾಳತ್ವದಲ್ಲಿ ಬೆಂಗಳೂರೂ ಸೇರಿ 10 ನಗರಗಳ ಶಾಲೆಗಳಲ್ಲಿ ನಡೆದ ಸಮೀಕ್ಷೆಯ ವರದಿ 2025ರಲ್ಲಿ ಹೊರಬಂತು. ಕೇಳಿದ್ದು 5,920 ಮಕ್ಕಳನ್ನು. ಒಮ್ಮೆಯಾದರೂ ಏನಾದರೊಂದು ಅಮಲು ಪದಾರ್ಥ ಬಳಸಿದ್ದೇವೆ ಅಂದವರು ಶೇ 15ರಷ್ಟು, ಕಳೆದ ಒಂದು ವರ್ಷದಲ್ಲಿ ಬಳಸಿದವರು ಶೇ 10ರಷ್ಟು. ನಲವತ್ತು ಮಕ್ಕಳಿರುವ ಒಂದು ಕ್ಲಾಸಿಗೆ ಇದನ್ನು ಇಳಿಸಿದರೆ ನಾಲ್ವರು. ಆ ನಾಲ್ವರು ಸುದ್ದಿಯಾಗುತ್ತಾರೆ, ಉಳಿದ 36 ಮಕ್ಕಳ ಬಗ್ಗೆ ಯಾರೂ ಮಾತಾಡುವುದಿಲ್ಲ. 'ಎಲ್ಲರೂ ಮಾಡ್ತಾರೆ ಮಿಸ್' ಅಂತ ಮಕ್ಕಳೇ ನಂಬಿಬಿಟ್ಟಿರುತ್ತಾರೆ. ಅಂಥವರಿಗೆ ನಾನು ಮೊದಲು ಹೇಳುವುದು ಈ 36ರ ಲೆಕ್ಕ.

ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ. ಇಂಥದ್ದನ್ನು ಕೇಳಿದರೆ ನಾವು ನಿಜ ಹೇಳುವುದಿಲ್ಲ ಎಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಪ್ಪಿಕೊಂಡಿದ್ದಾರೆ. ಹಾಗಾಗಿ ಯಾವ ಅಂಕಿಯನ್ನೂ ನಾನು ತಲೆ ಮೇಲೆ ಹೊತ್ತು ಮೆರೆಸುವುದಿಲ್ಲ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಬರೀ ಶೇ 1.2. ಖುಷಿಪಡುವ ಸಂಗತಿಯೇ. ಖುಷಿಪಟ್ಟ ಮೇಲೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಹಿಂದಿನ ರಸ್ತೆಯ ಕಾಂಡಿಮೆಂಟ್ಸ್ ಅಂಗಡಿ ಮುಂದೆ ಒಂದು ಟೀ ಹೇಳಿ ನಿಂತು ನೋಡಿ.

ಯಾವ ವಯಸ್ಸಿಗೆ ಶುರುವಾಗುತ್ತೆ?

ಅದೇ 10 ನಗರಗಳ ಲೆಕ್ಕದಲ್ಲಿ ಸರಾಸರಿ 12.9 ವರ್ಷ. ಅಂದರೆ ಏಳನೇ ಕ್ಲಾಸು, ಎಂಟನೇ ಕ್ಲಾಸು. 'ಪಿಯುಸಿಗೆ ಬರಲಿ, ಆಮೇಲೆ ಮಾತಾಡೋಣ' ಅನ್ನುವವರು ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದಂತೆ.

ಏನೇನು ಬಳಸ್ತಾರೆ? ಡ್ರಗ್ಸ್ ಅಂದ್ರೆ ಪೌಡರಾ?

ಅಪ್ಪಂದಿರ ತಲೆಯಲ್ಲಿ ಡ್ರಗ್ಸ್ ಅಂದರೆ ಪಬ್ಬು, ವಿದೇಶಿ ಪೆಡ್ಲರು, ಬಿಳಿ ಪುಡಿ. ನನ್ನ ಮೇಜಿನ ಮೇಲೆ ಬಂದು ಬಿದ್ದ ವಸ್ತುಗಳನ್ನು ಹೇಳುತ್ತೇನೆ, ಕೇಳಿ. ಎರಡು ಬಿಡಿ ಸಿಗರೇಟು, ಕಂಪಾಸ್ ಬಾಕ್ಸಿನಲ್ಲಿ ಕೈವಾರ, ಕೋನಮಾಪಕದ ಜೊತೆ. ತುಟಿಯ ಒಳಗೆ ಇಟ್ಟುಕೊಳ್ಳುವ ಪುದೀನಾ ಘಮದ ಪುಟ್ಟ ತಂಬಾಕು ಪೊಟ್ಟಣ. ಹೈಲೈಟರ್ ಪೆನ್ನಿನಂತೆ ಕಾಣುವ ವೇಪು, ಅಂದರೆ ಇ-ಸಿಗರೇಟು. 90 ಎಂಎಲ್‌ನ ವಿಸ್ಕಿ ಟೆಟ್ರಾ ಪ್ಯಾಕು; ಊಟದ ಬ್ಯಾಗಿನಲ್ಲಿ ಮಾವಿನ ಜ್ಯೂಸಿನ ಪಕ್ಕ ಇಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಜ್ಜಿಯ ಮಾತ್ರೆ ಡಬ್ಬಿಯಿಂದ ಎತ್ತಿದ ನಿದ್ದೆ ಮಾತ್ರೆಯ ಅರ್ಧ ಸ್ಟ್ರಿಪ್ಪು. ಮತ್ತೆ ವೈಟ್ನರ್.

ಗಾಂಜಾ ಬರುವುದು ಸ್ವಲ್ಪ ಆಮೇಲೆ, ಹೆಚ್ಚಾಗಿ ಹತ್ತನೇ ಕ್ಲಾಸಿನ ನಂತರ. ಅದಕ್ಕೆ ಅವರ ಹೆಸರು 'ಸೊಪ್ಪು' ಅಥವಾ 'ಸ್ಟಫ್ಫು'. ಮನೆಯಲ್ಲಿ ಯಾರೂ ಸಿಗರೇಟು ಸುತ್ತದಿದ್ದರೂ ಜೇಬಿನಲ್ಲಿ ಸಿಗರೇಟು ಸುತ್ತುವ ತೆಳು ಕಾಗದದ ಪ್ಯಾಕು ಸಿಕ್ಕರೆ ಅದು ಇದಕ್ಕೇ. ನೋವಿನ ಮಾತ್ರೆಗಳ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಟೆಪೆಂಟಡಾಲ್ ಥರದ ಮಾತ್ರೆ ಅಫೀಮಿನ ಕುಲದ್ದು. ಚೀಟಿ ಇಲ್ಲದೆ ಯಾವ ಮೆಡಿಕಲ್ ಸ್ಟೋರ್ ಕೊಡುತ್ತದೆ ಅನ್ನುವುದು ದೊಡ್ಡವರಿಗಿಂತ ಹುಡುಗರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇಷ್ಟರಲ್ಲಿ ಹೊರಗಿನ ಪೆಡ್ಲರ್ ಎಲ್ಲಿದ್ದಾನೆ ಹುಡುಕಿ. ಮೊದಲ ಸಲ ಕೊಡುವವನು ಬಹುಪಾಲು ಕ್ಲಾಸ್‌ಮೇಟು, ಟ್ಯೂಷನ್ ಅಣ್ಣ, ಇಲ್ಲವೇ ಕಸಿನ್. ಉಳಿದದ್ದು ನಮ್ಮ ಮನೆಯ ಫ್ರಿಜ್ಜು, ನಮ್ಮ ಮನೆಯ ಮಾತ್ರೆ ಡಬ್ಬಿ.

ವೈಟ್ನರ್ ಅಂದ್ರೆ ಅಕ್ಷರ ಅಳಿಸೋದು ತಾನೇ? ಅದರಲ್ಲಿ ಏನಿದೆ?

ಈ ಪ್ರಶ್ನೆಗೆ ನಾನು ಉದ್ದ ಉತ್ತರ ಕೊಡುತ್ತೇನೆ, ಬೇಜಾರಾಗಬೇಡಿ.

ವೈಟ್ನರ್, ಅದರ ಥಿನ್ನರ್, ಪಂಕ್ಚರ್ ಹಾಕುವ ಸಲ್ಯೂಷನ್, ಪೆಟ್ರೋಲು ಇವೆಲ್ಲದರಲ್ಲೂ ಬೇಗ ಆವಿಯಾಗುವ ದ್ರಾವಕ ಇರುತ್ತದೆ, ಟಾಲುಯೀನ್ ಅಂಥದ್ದೊಂದು. ಕರ್ಚೀಫಿಗೋ ಸ್ವೆಟರಿನ ತೋಳಿಗೋ ಹಚ್ಚಿಕೊಂಡು ಮೂಗಿಗೆ ಹಿಡಿದು ಎಳೆಯುತ್ತಾರೆ. ಕ್ಷಣದಲ್ಲಿ ತಲೆ ಹಗುರ, ಐದು ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಮತ್ತೆ ಎಳೆಯುತ್ತಾರೆ. ದುಡ್ಡು ಹೆಚ್ಚು ಬೇಡ, ಅಂಗಡಿಯವನಿಗೆ ಅನುಮಾನವೂ ಇಲ್ಲ. ನಮ್ಮ ಶಾಲೆಯಲ್ಲಿ ಮೊದಲು ಗಮನಿಸಿದ್ದು ಆಯಾ ಅಮ್ಮ. 'ಮೇಡಂ, ಆ ಹುಡುಗನ ಬಲಗೈ ತೋಳು ಯಾವಾಗಲೂ ಬಿಳಿ ಬಿಳಿ ಗಟ್ಟಿ ಆಗಿರುತ್ತೆ, ಇಸ್ತ್ರಿ ಗಂಜಿ ಹಾಕಿದ ಹಂಗೆ' ಅಂದರು. ನಾವು ಮೂವರು ಟೀಚರುಗಳು ಒಂದು ವರ್ಷ ಆ ತೋಳನ್ನು ದಿನಾ ನೋಡಿದ್ದೆವು.

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವ ಅಮಲು ಇದೊಂದೇ: 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ದೇಶದಲ್ಲಿ 4.6 ಲಕ್ಷ ಮಕ್ಕಳಿಗೆ ಇದರಿಂದ ಹೊರಬರಲು ನೆರವು ಬೇಕು ಎಂದಿತ್ತು ಆ ವರದಿ. ಫ್ಲೈಓವರ್ ಕೆಳಗಿನ ಮಕ್ಕಳ ಚಟ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸ್ಕೂಲ್ ವ್ಯಾನಿನಲ್ಲಿ ಬರುವ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ.

ಒಂದು ವಿಷಯ ಎಲ್ಲ ಟೀಚರಿಗೂ ಗೊತ್ತಿರಬೇಕು. ಈ ಆವಿ ಒಳಗೆ ಹೋದ ಹೊತ್ತಿನಲ್ಲಿ ಹೃದಯ ಅಡ್ರಿನಲಿನ್‌ಗೆ ವಿಪರೀತ ಸೂಕ್ಷ್ಮವಾಗಿರುತ್ತದೆ. ಆಗ ಹುಡುಗ ಬೆಚ್ಚಿಬಿದ್ದರೆ, ಓಡಿದರೆ, ಹೃದಯದ ಬಡಿತವೇ ತಪ್ಪಿ ಅಲ್ಲೇ ಕುಸಿದು ಸಾಯಬಹುದು. ಮೊದಲನೇ ಸಲ ಎಳೆದವನೂ ಹೀಗೆ ಹೋಗಬಹುದು. ಆದ್ದರಿಂದ ಟಾಯ್ಲೆಟ್ಟಿನಲ್ಲಿ ಮಗು ಎಳೆಯುತ್ತಾ ಸಿಕ್ಕಿಬಿದ್ದರೆ 'ಏಯ್!' ಎಂದು ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಮೆಲ್ಲಗೆ ಹೋಗಿ, ಬಾಟಲಿ ತೆಗೆದುಕೊಳ್ಳಿ, ಗಾಳಿ ಇರುವ ಕಡೆ ಕೂರಿಸಿ. ಬೈಯಲು ನಾಳೆ ಇದೆ.

ವೇಪು ಸಿಗರೇಟಿಗಿಂತ ವಾಸಿ ಅಲ್ವಾ? ಬರೀ ಫ್ಲೇವರ್ ಅಂತಾನೆ ನನ್ನ ಮಗ.

ಅವನು ಅದನ್ನು ನಂಬಿಯೇ ಹೇಳುತ್ತಿದ್ದಾನೆ, ಮಾರಿದವನು ಹಾಗೇ ಹೇಳಿರುತ್ತಾನೆ. ಮಾವು, ಲಿಚಿ ಅಂತ ಹೆಸರಿದ್ದರೂ ಬಹುತೇಕ ವೇಪುಗಳಲ್ಲಿ ಒಳಗಿರುವುದು ನಿಕೋಟಿನ್. ಸಿಗರೇಟಿನಂಥ ವಾಸನೆ ಇಲ್ಲದ್ದರಿಂದ ಬೆಡ್‌ರೂಮಿನಲ್ಲೇ ಎಳೆಯಬಹುದು, ಹಾಗಾಗಿ ದಿನಕ್ಕೆಷ್ಟು ಅನ್ನುವ ಲೆಕ್ಕ ಅವನಿಗೂ ಇರುವುದಿಲ್ಲ. 2019ರ ಕೇಂದ್ರ ಕಾಯ್ದೆಯಡಿ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಈ ದೇಶದಲ್ಲಿ ಅಂಗಡಿಯ ಮುಂದೆ ಇಟ್ಟು ಮಾರುವ 'ಒಳ್ಳೆ ಕಂಪನಿ ವೇಪು' ಎನ್ನುವುದೇ ಇಲ್ಲ.

ಗಾಂಜಾ ಗಿಡ ತಾನೇ, ದೇವಸ್ಥಾನದಲ್ಲೇ ಕೊಡ್ತಾರಲ್ಲ ಅಂತ ವಾದ ಮಾಡ್ತಾಳೆ ಮಗಳು.

ಒಳ್ಳೆಯ ವಾದ, ಬೈದು ಬಾಯಿ ಮುಚ್ಚಿಸಬೇಡಿ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುವ ಸುದ್ದಿಯನ್ನು ಅವಳು ಫೋನಿನಲ್ಲಿ ಓದಿಯೇ ಇರುತ್ತಾಳೆ. ಶಿವರಾತ್ರಿ ಭಂಗಿಯ ಮಾತೂ ಸುಳ್ಳಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ಗಿಡದ ಹೂ ತೆನೆಯನ್ನು ಗಾಂಜಾ ಎಂದು ಹಿಡಿಯುತ್ತದೆ, ಬರೀ ಎಲೆ, ಬೀಜವನ್ನು ಅದರಿಂದ ಹೊರಗಿಟ್ಟಿದೆ. ಇಷ್ಟನ್ನೂ ಒಪ್ಪಿಕೊಂಡು ಆಮೇಲೆ ಕೇಳಿ: ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಸೇದುವ ಎಪ್ಪತ್ತು ವರ್ಷದ ಸಾಧು, ದಿನಾ ಸಂಜೆ ಟ್ಯೂಷನ್ ಹಿಂದೆ ಸೇದುವ ಹದಿನಾರರ ಹುಡುಗಿ, ಇಬ್ಬರ ಮಿದುಳೂ ಒಂದೇನಾ? ದುಡುಕನ್ನು ತಡೆಯುವ, ಮುಂದಿನದನ್ನು ಯೋಚಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಗಾಂಜಾ ಬಳಸಿದವರಲ್ಲಿ ಒಟ್ಟಾರೆ ಹತ್ತರಲ್ಲೊಬ್ಬರಿಗೆ ಚಟ ಅಂಟಿದರೆ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರರಲ್ಲೊಬ್ಬರಿಗೆ ಅಂಟುತ್ತದೆ ಎನ್ನುವುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾದಂಥ ಕಾಯಿಲೆ ಇದ್ದರೆ ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಅಂಥ ಮನೆಯ ಮಕ್ಕಳಿಗೆ ಗಾಂಜಾದ ಅಪಾಯ ಬೇರೆಯವರಿಗಿಂತ ಹೆಚ್ಚು.

ಹುಡುಗಿಯರೂನಾ ಮೇಡಂ?

ಹೌದು. 2019ರ ತಂಬಾಕು ಸಮೀಕ್ಷೆಯಲ್ಲಿ ದೇಶದ ಹುಡುಗರು ಶೇ 9.6, ಹುಡುಗಿಯರು ಶೇ 7.4. ಹುಡುಗಿಯರ ವಿಷಯ ನನ್ನ ತನಕ ಬರುವುದು ಮಾತ್ರ ಕಡಿಮೆ, ಯಾಕೆಂದರೆ ಮನೆಯವರು ಓದು ಬಿಡಿಸುತ್ತಾರೆ ಅನ್ನುವ ಭಯಕ್ಕೆ ಗೆಳತಿಯರೆಲ್ಲ ಸೇರಿ ಮುಚ್ಚಿಡುತ್ತಾರೆ.

ಮಗು ಬಳಸ್ತಾ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಕೆಂಗಣ್ಣು, ಬ್ಯಾಗಿನಲ್ಲಿ ಕಣ್ಣಿನ ಡ್ರಾಪ್ಸು, ಮನೆ ಹೊಕ್ಕ ತಕ್ಷಣ ಸ್ನಾನ, ಪರ್ಸಿನಿಂದ ಐವತ್ತು ನೂರು ಮಾಯ. ಈ ಪಟ್ಟಿ ಎಲ್ಲರಿಗೂ ಗೊತ್ತು. ಇದರ ತೊಂದರೆ ಏನೆಂದರೆ, ರಾತ್ರಿ ಎರಡರ ತನಕ ಗೇಮ್ ಆಡುವ ಹುಡುಗನಿಗೂ ಇವೆಲ್ಲ ಇರುತ್ತವೆ. ನಾನು ನೋಡುವುದು ಬದಲಾವಣೆಯನ್ನು. ಮೂರು ವರ್ಷ ಕ್ರಿಕೆಟ್ ಅಂತ ಸತ್ತುಹೋಗುತ್ತಿದ್ದವನು ಇದ್ದಕ್ಕಿದ್ದಂತೆ ಬ್ಯಾಟನ್ನು ಮಂಚದ ಕೆಳಗೆ ನೂಕಿದನಾ? ಹಳೇ ಗೆಳೆಯರು ಮನೆಗೆ ಬರುವುದು ನಿಂತು, ಹೊಸಬರ ಹೆಸರು ಕೇಳಿದರೆ ಸಿಡುಕುತ್ತಾನಾ? ಕಾರಣ ಅಮಲೇ ಆಗಿರಬೇಕಿಲ್ಲ. ಯಾರೋ ಹೆದರಿಸುತ್ತಿರಬಹುದು, ಖಿನ್ನತೆ ಇರಬಹುದು, ಪ್ರೀತಿ ಮುರಿದಿರಬಹುದು. ಯಾವುದಾದರೂ ಮಾತಾಡಿಸಬೇಕಾದ ಹೊತ್ತು ಅದು.

ದಿನಾ ಬ್ಯಾಗ್ ಚೆಕ್ ಮಾಡಬಹುದಲ್ಲ?

2022ರ ನವೆಂಬರಿನಲ್ಲಿ ಬೆಂಗಳೂರಿನ ಹಲವು ಶಾಲೆಗಳು ಮೊಬೈಲು ಹುಡುಕಲೆಂದು ಮಕ್ಕಳ ಬ್ಯಾಗು ತೆರೆದಾಗ ಸಿಗರೇಟು, ಲೈಟರು, ವೈಟ್ನರು, ಕಾಂಡೋಮು ಸಿಕ್ಕಿ ದೇಶವೆಲ್ಲ ಸುದ್ದಿಯಾಯಿತು. ಅದರ ಮರುವಾರವೇ ನಮ್ಮ ಮಕ್ಕಳು ಹೊಸ ಜಾಗ ಹುಡುಕಿಕೊಂಡಿದ್ದರು: ಕಾಲುಚೀಲ, ಕಾಂಪೌಂಡ್ ಗೋಡೆಯ ಬಿರುಕು, ಪಕ್ಕದ ಬೇಕರಿ ಹುಡುಗನ ಡ್ರಾಯರು. ಅನುಮಾನಕ್ಕೆ ಗಟ್ಟಿ ಕಾರಣ ಇದ್ದಾಗ, ಮಗುವಿನ ಎದುರಿಗೇ, ಹೇಳಿ ನೋಡಿ. ಕದ್ದು ನೋಡಿದರೆ ನಿಮಗೆ ಸಿಗುವುದು ವಸ್ತು, ಕಳೆದುಕೊಳ್ಳುವುದು ಅವನ ಬಾಯಿ.

ಸಿಕ್ಕೇಬಿಡ್ತು. ಈವತ್ತು ರಾತ್ರಿ ಏನು ಮಾಡಲಿ?

ಮೊದಲು ಅವನು ಅಮಲಿನಲ್ಲಿ ಇದ್ದಾನಾ ನೋಡಿ. ಇದ್ದರೆ ಈವತ್ತು ಮಾತಿಲ್ಲ, ಕಾವಲು ಮಾತ್ರ.

ಇಲ್ಲದಿದ್ದರೆ, ಅಪ್ಪ ಅಮ್ಮ ಇಬ್ಬರೂ ಮೊದಲು ಅಡುಗೆಮನೆಯಲ್ಲಿ ನಿಂತು ನಿಮ್ಮ ಜಗಳ ಮುಗಿಸಿಕೊಳ್ಳಿ. 'ನಿನ್ನ ಮುದ್ದಿನಿಂದಲೇ ಹೀಗಾಯ್ತು', 'ನೀವು ಮನೇಲಿ ಇದ್ದಿದ್ದು ಯಾವಾಗ' ಇವೆರಡೂ ಮಾತು ಬಂದೇ ಬರುತ್ತವೆ, ಅವನ ಮುಂದೆ ಬರುವುದು ಬೇಡ. ಅಜ್ಜ, ಸೋದರಮಾವ, ಪಕ್ಕದ ಮನೆ ಆಂಟಿ ಯಾರಿಗೂ ಈವತ್ತು ಫೋನ್ ಬೇಡ. ಆಮೇಲೆ ವಸ್ತುವನ್ನು ಮುಂದಿಟ್ಟು ಒಂದೇ ಮಾತು ಕೇಳಿ: 'ಇದು ಸಿಕ್ತು. ಇದರ ಬಗ್ಗೆ ಹೇಳು.' ಮೊದಲ ಉತ್ತರ 'ನಂದಲ್ಲ, ಫ್ರೆಂಡ್‌ದು' ಅಂತಲೇ ಬರುತ್ತದೆ. ಪೊಲೀಸರ ಥರ ಪಾಟೀಸವಾಲು ಹಾಕಬೇಡಿ. 'ಸರಿ, ಫ್ರೆಂಡ್ ಯಾಕೆ ತಗೋತಾನೆ?' ಅಂತ ಕೇಳಿ ಸುಮ್ಮನಿರಿ.

ಕಂಪಾಸ್ ಬಾಕ್ಸಿನ ಆ ಎರಡು ಸಿಗರೇಟಿನ ಹುಡುಗ ಒಂಬತ್ತನೇ ಕ್ಲಾಸು. ಅವನ ಅಮ್ಮ ನನ್ನ ರೂಮಿನಲ್ಲಿ ಹೀಗೇ ಕೇಳಿ, ಹತ್ತು ನಿಮಿಷ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಕಡೆಗೆ ಅವನು, 'ಬಸ್ಸಲ್ಲಿ ಆ ಹುಡುಗರು ನನ್ನ ಟಿಫನ್ ಬಾಕ್ಸ್ ಕಿತ್ಕೋತಿದ್ರು. ಸಿಗರೇಟು ತಂದ್ಕೊಟ್ರೆ ಬಿಟ್ಬಿಡ್ತಾರೆ' ಅಂದ. ಸೇದುತ್ತಲೂ ಇದ್ದ, ಅದು ಬೇರೆ. ಮೊದಲೇ ಎರಡು ಬಾರಿಸಿದ್ದರೆ ಸೇದುವುದು ಮಾತ್ರ ಗೊತ್ತಾಗುತ್ತಿತ್ತು.

ಶಿಕ್ಷೆ ಬೇಡವೇ ಬೇಡ ಅನ್ನುತ್ತಿಲ್ಲ. ಪಾಕೆಟ್ ಮನಿ ನಿಲ್ಲಿಸಿ, ಸ್ಕೂಟರ್ ಕೀ ತೆಗೆದಿಡಿ. ಆದರೆ ಓದು ಬಿಡಿಸುತ್ತೇನೆ, ಊರಿಗೆ ಕಳಿಸುತ್ತೇನೆ, ನಾನು ಸಾಯುತ್ತೇನೆ, ಈ ಮೂರನ್ನು ಹೇಳಬೇಡಿ.

ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಕಿಟ್ ತಂದು ಮೂತ್ರ ಪರೀಕ್ಷೆ ಮಾಡಿಸಲಾ?

ನನ್ನ ಮಟ್ಟಿಗೆ, ಮನೆಯಲ್ಲಿ ಬೇಡ. ಗಾಂಜಾದ ಗುರುತು ಒಮ್ಮೆ ಸೇದಿದವನಲ್ಲಿ ಎರಡು ಮೂರು ದಿನ, ದಿನಾ ಸೇದುವವನಲ್ಲಿ ವಾರಗಟ್ಟಲೆ ಉಳಿಯುತ್ತದೆ. ವೈಟ್ನರ್ ಈ ಕಿಟ್ಟುಗಳಲ್ಲಿ ಕಾಣುವುದೇ ಇಲ್ಲ. ಕೆಲವು ಮಾಮೂಲಿ ಔಷಧಿಗಳಿಂದಲೂ ತಪ್ಪು ಫಲಿತಾಂಶ ಬರುತ್ತದೆ. ಚಿಕಿತ್ಸೆಯ ಭಾಗವಾಗಿ ಡಾಕ್ಟರು ಹೇಳಿದರೆ ಮಾಡಿಸಿ.

ಫ್ರೆಂಡ್ ಬರ್ತ್‌ಡೇಯಿಂದ ಕುಡಿದು ಬಂದು ಮಲಗಿದ್ದಾನೆ, ಎಬ್ಬಿಸಿದರೆ ಏಳ್ತಿಲ್ಲ.

ಓದುವುದು ನಿಲ್ಲಿಸಿ 108ಕ್ಕೋ 112ಕ್ಕೋ ಫೋನ್ ಮಾಡಿ. ಅಲ್ಲಿಯವರೆಗೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಮೇಲಿನ ಮಂಡಿ ಮಡಚಿ, ಬಾಯಿ ಕೆಳಮುಖವಾಗಿರಲಿ. ಅಂಗಾತ ಬಿಟ್ಟರೆ ವಾಂತಿ ಉಸಿರುನಾಳಕ್ಕೆ ಹೋಗುತ್ತದೆ. ಮಜ್ಜಿಗೆ, ನಿಂಬೆಹಣ್ಣು, ಕಾಫಿ ಯಾವುದನ್ನೂ ಬಾಯಿಗೆ ಹಾಕಬೇಡಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ, ತಣ್ಣೀರು ಸುರಿಯಬೇಡಿ. ಒಬ್ಬನನ್ನೇ ಬಿಡಬೇಡಿ. ಏನು ಕುಡಿದ, ಜೊತೆಗೆ ಮಾತ್ರೆ ನುಂಗಿದನಾ ಅಂತ ಅವನ ಗೆಳೆಯನನ್ನು ಕೇಳಿ. 'ನಿನ್ನ ಹೆಸರು ಹೇಳಲ್ಲ' ಅಂತ ಮೊದಲು ಮಾತು ಕೊಟ್ಟು ಕೇಳಿ.

ಶಾಲೆಯವರು ಟಿಸಿ ಕೊಟ್ಟು ಕಳಿಸ್ತಾರಾ?

ಎಂಟನೇ ಕ್ಲಾಸಿನವರೆಗೆ ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಮಗುವನ್ನು ಹೊರಹಾಕುವಂತಿಲ್ಲ, 17ನೇ ಕಲಂ ಪ್ರಕಾರ ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ಒಂಬತ್ತು, ಹತ್ತಕ್ಕೆ ಆ ರಕ್ಷಣೆ ಇಲ್ಲ, ಅಲ್ಲೇ ಟಿಸಿಗಳು ಹೋಗುತ್ತವೆ, ಅದೂ 'ಪೋಷಕರ ಕೋರಿಕೆ ಮೇರೆಗೆ' ಎಂದು ಬರೆಸಿಕೊಂಡು. ಒತ್ತಾಯಕ್ಕೆ ಬಿದ್ದು ಸಹಿ ಹಾಕಬೇಡಿ. ಚಿಕಿತ್ಸೆ ಶುರುವಾಗಿದೆ ಎಂಬ ಡಾಕ್ಟರ ಪತ್ರ ತೋರಿಸಿ, ಒಂದು ಟರ್ಮ್ ಸಮಯ ಕೇಳಿ. ನಾನು ಶಾಲೆಯ ಸಂಬಳ ತಿನ್ನುವವಳಾದರೂ ಇದನ್ನು ಹೇಳುತ್ತೇನೆ: ಒಬ್ಬನನ್ನು ಹೊರಹಾಕಿದರೆ ಉಳಿದವರು ಕಲಿಯುವುದು ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು.

ಪೊಲೀಸ್ ಕೇಸ್ ಆಗುತ್ತಾ? ಜೀವನ ಪೂರ್ತಿ ಕಪ್ಪು ಚುಕ್ಕೆ?

18 ತುಂಬದ ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ವಿಷಯ ಹೋಗುವುದು ಬಾಲನ್ಯಾಯ ಮಂಡಳಿಗೆ. ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಎಫ್‌ಐಆರ್ ಕೂಡ ಹಾಕುವಂತಿಲ್ಲ; ಠಾಣೆಯ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಹೆಸರು, ಫೋಟೊ, ಶಾಲೆ ಬಯಲು ಮಾಡುವುದೇ ಅಪರಾಧ. ಇದೆಲ್ಲ 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳಲ್ಲಿದೆ. ಇನ್ನು ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ: ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹೋದರೆ ಮೊಕದ್ದಮೆಯಿಂದ ವಿನಾಯಿತಿ ಉಂಟು.

ಕಾನೂನು ಕಠಿಣವಾಗಿರುವುದು ದೊಡ್ಡವರ ಮೇಲೆ. ಮಗುವಿಗೆ ಮದ್ಯ, ತಂಬಾಕು, ಡ್ರಗ್ಸ್ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ, ಮಗುವಿನ ಕೈಲಿ ಸಾಗಿಸಿದರೆ 78. ಎರಡಕ್ಕೂ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. 'ಇದನ್ನ ಆ ಅಣ್ಣಂಗೆ ಕೊಟ್ಟು ಬಾ, ಇನ್ನೂರು ಕೊಡ್ತೀನಿ' ಅನ್ನುವವನ ಬಗ್ಗೆ ಮಕ್ಕಳಿಗೆ ಬಿಡಿಸಿ ಹೇಳಿ.

ಶಾಲೆ ಪಕ್ಕದ ಅಂಗಡಿಯವನೇ ಮಾರ್ತಾನೆ. ಯಾರಿಗೆ ಹೇಳೋದು?

ಶಾಲೆಯ ಸುತ್ತ ರಸ್ತೆಯ ಮೇಲೆ ಹಳದಿ ಗೆರೆ ಎಳೆದಿರುವುದನ್ನು ನೋಡಿರಬಹುದು. ತಂಬಾಕು ಮಾರಾಟಕ್ಕೆ ಅದೇ ಗಡಿ. 2003ರ ಕಾಯ್ದೆಯಲ್ಲಿ ನೂರು ಗಜ ಎಂದಿತ್ತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದನ್ನು ನೂರು ಮೀಟರ್ ಮಾಡಿತು, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಹುಕ್ಕಾ ಬಾರುಗಳನ್ನು ನಿಷೇಧಿಸಿತು. ನಮ್ಮ ಗೆರೆ ಒಂದು ಮಳೆಗಾಲಕ್ಕೆ ಅಳಿಸಿಹೋಗಿ, ಮತ್ತೆ ಬಳಿಯಲು ಬಣ್ಣದ ದುಡ್ಡು ಯಾರು ಕೊಡಬೇಕು ಅಂತ ಎರಡು ಮೀಟಿಂಗ್ ನಡೆಯಿತು. ಠಾಣೆಗೆ, ಆರೋಗ್ಯ ಇಲಾಖೆಯ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಬರವಣಿಗೆಯಲ್ಲಿ ಕೊಡಿ, ಶಾಲೆಯ ಲೆಟರ್‌ಹೆಡ್ಡಿನಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಡ್ರಗ್ಸ್ ಮಾರಾಟದ ಸುಳಿವಿದ್ದರೆ ರಾಷ್ಟ್ರೀಯ ಸಹಾಯವಾಣಿ 1933.

ಇವರೇ ದಿನಾ ಎರಡು ಪೆಗ್ ಹಾಕ್ತಾರೆ. ಮಗನಿಗೆ ಯಾವ ಬಾಯಲ್ಲಿ ಹೇಳೋದು?

ಇದ್ದ ಬಾಯಲ್ಲೇ. 'ನಾನು ಬಿಡೋಕೆ ಒದ್ದಾಡ್ತಿದೀನಿ ಮಗಾ' ಅಂದ ಒಬ್ಬ ಅಪ್ಪನ ಮಾತು ನನ್ನ ಹತ್ತು ಕ್ಲಾಸಿಗಿಂತ ಹೆಚ್ಚು ಕೆಲಸ ಮಾಡಿತ್ತು. ಆದರೆ 'ಹೊರಗೆ ಕಲಿಯೋ ಬದಲು ನಮ್ಮ ಮುಂದೇನೇ ಒಂದು ಗುಟುಕು ಕುಡೀಲಿ' ಅನ್ನುವ ಹೊಸ ಫ್ಯಾಷನ್ ಇದೆಯಲ್ಲ, ಅದು ಬೇಡ. ಬಾಟಲಿಯನ್ನು ಶೋಕೇಸಿನಿಂದ ತೆಗೆದು ಬೀಗದ ಕಪಾಟಿಗಿಡಿ. ಮಗನ ಕೈಲಿ ಸೋಡಾ, ಸಿಗರೇಟು ತರಿಸಬೇಡಿ.

ಎಲ್ಲಿಗೆ ಕರ್ಕೊಂಡು ಹೋಗಲಿ?

ಮನೆಯಿಂದಲೇ ಶುರು ಮಾಡುವುದಾದರೆ ಟೆಲಿ ಮಾನಸ್, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಸಂಖ್ಯೆ 14446. ತಂಬಾಕು ಬಿಡಲು 1800-11-2356. ಮಗುವೇ ಫೋನ್ ಮಾಡುವುದಾದರೆ 1098. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೂ ಮಕ್ಕಳ ಮನೋವೈದ್ಯಕ್ಕೂ ಪ್ರತ್ಯೇಕ ವಿಭಾಗಗಳಿವೆ. ಬೆಳಗ್ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಂಡು ಹೋಗಿ, ಕ್ಯೂ ದೊಡ್ಡದು. ಬಹಳಷ್ಟು ಮಕ್ಕಳಿಗೆ ಅಡ್ಮಿಟ್ ಆಗುವ ಅಗತ್ಯವೇ ಬರುವುದಿಲ್ಲ.

'ಆರು ತಿಂಗಳು ಬಿಡಿ, ನಾವು ಸರಿ ಮಾಡಿ ಕಳಿಸ್ತೀವಿ, ನಡುವೆ ನೋಡೋಕೆ ಬರಬೇಡಿ' ಅನ್ನುವ ಡಿ-ಅಡಿಕ್ಷನ್ ಸೆಂಟರಿನ ಬಾಗಿಲಿಂದಲೇ ವಾಪಸ್ ಬನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಪ್ರಾಪ್ತ ಮಗುವನ್ನು ದಾಖಲು ಮಾಡಿಕೊಳ್ಳುವ ಮೊದಲು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ಮನೆಯವರೊಬ್ಬರೋ ಅವರು ನೇಮಿಸಿದವರೋ ಪೂರ್ತಿ ಜೊತೆಗಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದೇ ಉತ್ತರ.

ಬಿಟ್ಟಿದ್ದ, ಮತ್ತೆ ಶುರು ಮಾಡಿದಾನೆ. ಎಲ್ಲಾ ವ್ಯರ್ಥನಾ?

ಇಲ್ಲ, ಇದು ಮಾಮೂಲು. ಎಷ್ಟು ದಿನ ಬಿಟ್ಟಿದ್ದ ಅಂತ ಲೆಕ್ಕ ಹಾಕಿ, ಅಷ್ಟು ದಿನ ಹೇಗೆ ಬಿಟ್ಟಿದ್ದೆ ಅಂತ ಅವನನ್ನೇ ಕೇಳಿ, ಡಾಕ್ಟರ ಹತ್ತಿರ ಮತ್ತೆ ಹೋಗಿ.

ಕ್ಲಾಸಲ್ಲಿ ಇನ್ನೊಬ್ಬ ಬಳಸ್ತಾನೆ ಅಂತ ಮಗಳು ಹೇಳಿದಳು. ಅವರ ಮನೆಗೆ ತಿಳಿಸಲಾ?

ತಿಳಿಸಿ, ಆದರೆ ಮಗಳಿಗೆ ಹೇಳಿಯೇ ತಿಳಿಸಿ. ಅವಳು ನಿಮ್ಮನ್ನು ನಂಬಿ ಬಾಯಿಬಿಟ್ಟಿದ್ದಾಳೆ. ಬೆನ್ನ ಹಿಂದೆ ಫೋನ್ ಹೋಯಿತೆಂದು ಗೊತ್ತಾದರೆ ನಾಳೆ ತನ್ನ ವಿಷಯವನ್ನೇ ಹೇಳಲಾರಳು. 'ಅವನಿಗೆ ಏನಾದರೂ ಆದರೆ ಅಂತ ನನಗೆ ಭಯ. ನಿನ್ನ ಹೆಸರು ಬರದ ಹಾಗೆ ಹೇಳ್ತೀನಿ. ಹೇಗೆ ಹೇಳಿದರೆ ಒಳ್ಳೆಯದು?' ಅಂತ ಅವಳನ್ನೇ ಕೇಳಿ. ವೈಟ್ನರು, ಮಾತ್ರೆ, ಕುಡಿದು ಗಾಡಿ ಓಡಿಸುವುದು ಇವಾದರೆ ಈವತ್ತೇ ಹೇಳಬೇಕು, ಅವಳು ಬೇಡವೆಂದರೂ. ಆ ತಾಯಿ ಮೊದಲು ಸಿಟ್ಟಾಗುತ್ತಾರೆ, 'ನಿಮ್ಮ ಮಗಳನ್ನ ನೋಡ್ಕೊಳ್ಳಿ' ಅಂದು ಫೋನ್ ಇಡುತ್ತಾರೆ. ಎರಡು ದಿನ ಬಿಟ್ಟು ಅವರೇ ಮಾಡುತ್ತಾರೆ, ಆಗ ಎತ್ತಿಕೊಳ್ಳಿ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಮಾತ್ರ ಒಂದಕ್ಷರವೂ ಹೋಗಬಾರದು.